ಕಾರಿನ ಸ್ಕ್ರೀನ್‌ಗೆ ಫೋನ್ ಸೇರುತ್ತಿಲ್ವಾ? ಮೊದಲು ಕೇಬಲ್ ಬದಲಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟಾಗ ನಮ್ಮ ಕಾರಿನಲ್ಲಿ ಆಂಡ್ರಾಯ್ಡ್ ಆಟೋ (ಫೋನಿನ ಮ್ಯಾಪ್, ಹಾಡು ಕಾರಿನ ಸ್ಕ್ರೀನ್‌ನಲ್ಲಿ ಬರುವ ವ್ಯವಸ್ಥೆ) ಬರಲೇ ಇಲ್ಲ. ಫೋನ್ ಚಾರ್ಜ್ ಮಾತ್ರ ಆಗುತ್ತಿತ್ತು. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿ, ತಮ್ಮನ ಕೇಬಲ್ ಹಾಕಿದೆ. ತಕ್ಷಣ ಮ್ಯಾಪ್ ಬಂತು!

ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟ್ ಹರಿಯುವ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಅಂಥದ್ದರಲ್ಲಿ ಎಷ್ಟು ಒದ್ದಾಡಿದರೂ ಸುಮ್ನೆ. ಕಾರಿನಲ್ಲಿ ಎರಡು ಯುಎಸ್‌ಬಿ ಪೋರ್ಟ್ ಇದ್ದರೆ ಒಂದು ಬರೀ ಚಾರ್ಜಿಂಗ್‌ಗೆ ಇರಬಹುದು, ಇನ್ನೊಂದಕ್ಕೂ ಹಾಕಿ ನೋಡಿ. ಫೋನಿನ ಪೋರ್ಟ್ ಒಳಗೂ ಟಾರ್ಚ್ ಬಿಡಿ. ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ, ಅದು ಜೇಬಿನ ನೂಲಿನ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಸೂಜಿ ದಯವಿಟ್ಟು ಬೇಡ.

ಬ್ಲೂಟೂತ್ ತಕರಾರಾದರೆ ಫೋನಿನಲ್ಲೂ ಕಾರಿನಲ್ಲೂ ಹಳೇ ಜೋಡಣೆ ಅಳಿಸಿ, ಹೊಸದಾಗಿ ಜೋಡಿಸಿ. ಒಂದೇ ಕಡೆ ಅಳಿಸಿದರೆ ಸಾಲದು. ಕರೆ ಬರುತ್ತದೆ, ಹಾಡು ಬರಲ್ಲ ಅಂದರೆ ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಕಾರಿನ ಹೆಸರು ಒತ್ತಿ, ಮೀಡಿಯಾ ಆಡಿಯೋ ಆನ್ ಇದೆಯಾ ನೋಡಿ.

ಕಾರು ಪೆನ್‌ಡ್ರೈವ್ ಓದದಿದ್ದರೆ ಅದರ ಫಾರ್ಮ್ಯಾಟ್, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ವಿಧಾನ, ಕಾರಣವಿರಬಹುದು. ಕಾರಿನ ಹಳೇ ಸಿಸ್ಟಂಗಳು ಹೆಚ್ಚಾಗಿ ಫ್ಯಾಟ್32 ಎಂಬ ವಿಧಾನ ಮಾತ್ರ ಓದುತ್ತವೆ, ಹಾಗಾಗಿ ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಬೇಕಾಗಬಹುದು. ನನ್ನದರಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಾಡುಗಳಿದ್ದವು, ಮೊದಲು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡೆ. ಫಾರ್ಮ್ಯಾಟ್ ಮಾಡಿದರೆ ಎಲ್ಲಾ ಅಳಿಸಿಹೋಗುತ್ತದೆ. ಇದನ್ನೆಲ್ಲ ಗಾಡಿ ನಿಲ್ಲಿಸಿಯೇ ಮಾಡಿ.