ದಿನಕ್ಕೆ 20 ಲೀಟರ್: ಪಾವಗಡ ಕಡೆ ತಾರಸಿ ಮಳೆನೀರು ಕುಡಿಯಲು ಹಿಡಿದ ನನ್ನ ಅನುಭವ

ಪಾವಗಡ ತಾಲ್ಲೂಕಿನ ನಮ್ಮ ಮನೆಯಲ್ಲಿ ಈಗ ಕುಡಿಯಲು, ಅಡುಗೆಗೆ ವರ್ಷಪೂರ್ತಿ ತಾರಸಿಯ ಮಳೆನೀರೇ. ಎರಡು ಬೇಸಿಗೆ ದಾಟಿದೆ, ಇನ್ನೂ ನೀರು ಮಿಕ್ಕಿದೆ. ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಕೇಳುವವರಲ್ಲಿ ಪ್ಲಂಬರ್, ಮೇಸ್ತ್ರಿಗಳೇ ಜಾಸ್ತಿ. ಹಾಗಾಗಿ ಪಿವಿಸಿ ಅಂಟಿಸುವುದು, ವಾಟ ಕೊಡುವುದು ಇದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ನನ್ನ ಕೆಲಸ ಬೆಂಗಳೂರಿನಲ್ಲಿ. ಫ್ಲಾಟುಗಳಿಗೆ ಷವರ್, ಗೀಸರ್, ಆರ್‌ಒ ಕೂರಿಸುತ್ತೇನೆ. ತಟ್ಟೆಯಷ್ಟು ಅಗಲದ ದೊಡ್ಡ ಷವರ್ ಬಂದಿದೆಯಲ್ಲ, ಅದರ ಕೆಳಗೆ ಒಂದು ಸಲ ಬಕೆಟ್ ಇಟ್ಟು ಅಳೆದೆ. ನಿಮಿಷಕ್ಕೆ 15 ಲೀಟರ್ ಹತ್ತಿರ. ನೀರು ಬೆಚ್ಚಗಾಗುವವರೆಗೆ ಸುಮ್ನೆ ಬಿಟ್ಟುಕೊಂಡು ನಿಂತರೆ ಅದೇ ಒಂದು ಬಕೆಟ್ ಹೋಯಿತು. ಆರ್‌ಒ ಮೆಷಿನ್ನಿನದೂ ಅಳೆದಿದ್ದೇನೆ. ಆ ಮನೆಯಲ್ಲಿ ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ಸಿಂಕಿಗೆ ಹೋಗುತ್ತಿತ್ತು. ಅದು ಕಾವೇರಿ ನೀರು, ಆರ್‌ಒ ಬೇಕಾಗೇ ಇರಲಿಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬಂದು, ಅರ್ಧ ಕಿಲೋಮೀಟರ್ ಎತ್ತರ ಹತ್ತಿ, ಕೊನೆಗೆ ಸಿಂಕಿನ ಪಾಲು. ಹಾಕಿಸಿಕೊಂಡವರನ್ನು ನಾನು ಬೈಯುವುದಿಲ್ಲ, ಅವರಿಂದಲೇ ನನ್ನ ಅನ್ನ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದು, ಜಲಮಂಡಳಿ ನಲ್ಲಿಗಳಿಗೆ ಏರೇಟರ್ (ಗಾಳಿ ಬೆರೆಸಿ ನೀರು ಕಮ್ಮಿ ಬಿಡುವ ಬಿಲ್ಲೆ) ಕಡ್ಡಾಯ ಮಾಡಿತಲ್ಲ, ಆ ತಿಂಗಳು ನಾನು ದುಡಿದಷ್ಟು ಯಾವತ್ತೂ ದುಡಿದಿಲ್ಲ. ನಮ್ಮ ಸಂಪಿನ ಸಿಮೆಂಟು ಬಂದದ್ದು ಆ ದುಡ್ಡಲ್ಲೇ.

ಊರಿನ ಕಥೆ ಬೇರೆ. ಅಪ್ಪ ಇದ್ದಾಗ ಕೊರೆಸಿದ ಬೋರು 1,100 ಅಡಿ ದಾಟಿತ್ತು. ಬಂದ ನೀರು ಎರಡು ಬೆರಳು, ಅದೂ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೀರು. ಖರ್ಚು ಲಕ್ಷದ ಮೇಲೆ. ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಪರವಾಗಿಲ್ಲ ಎನ್ನುತ್ತಾರೆ. ನಮ್ಮದು ನೀರು ಪರೀಕ್ಷಿಸುವ ಕಿಟ್‌ನಲ್ಲಿ ಎರಡರ ಮೇಲೆ ತೋರಿಸಿತು. ನನ್ನ ಹಲ್ಲಿನ ಕಂದು ಪಟ್ಟೆ ನೋಡಿದರೆ ಕಿಟ್ಟೇ ಬೇಡ. ಅಮ್ಮನಿಗೆ ಮಂಡಿ ಮಡಚಲು ಬರುವುದಿಲ್ಲ. ಕಾಯಿಸಿ ಕುಡಿಯಿರಿ ಎಂದು ಯಾರೋ ಹೇಳಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಊರಲ್ಲಿ ಕಾಯಿನ್ ಹಾಕಿ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕ ಇದೆ. ಕೆಟ್ಟರೆ ತಿಂಗಳುಗಟ್ಟಲೆ ಕೇಳುವವರಿಲ್ಲ. ಆಗ ಪಕ್ಕದ ಊರಿಂದ ಬೈಕಿನಲ್ಲಿ ಕ್ಯಾನು ತರಬೇಕು. ಇದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಆ ಕರೆಂಟು ಯಾವ ಊರಿನ ಯಾವ ಗೀಸರ್‌ಗೆ ಹೋಗುತ್ತದೋ!

ಲೆಕ್ಕಕ್ಕೆ ಬರೋಣ. ನಮ್ಮ ತಾರಸಿ 700 ಚದರಡಿ, ಅಂದರೆ 65 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 65 ಲೀಟರ್. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಚೆಲ್ಲಿದ್ದು, ಆರಿದ್ದು, ತೊಳೆದು ಬಿಟ್ಟದ್ದು ಕಳೆದರೂ 24-25 ಸಾವಿರ ಲೀಟರ್ ಸಿಗಬೇಕು. ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಹಿಡಿದರೆ ದಿನಕ್ಕೆ 20. ವರ್ಷಕ್ಕೆ ಏಳು ಸಾವಿರ ಚಿಲ್ಲರೆ. ಆ ದೊಡ್ಡ ಷವರ್ ಕೆಳಗೆ ನಿಂತರೆ ದಿನದ ಇಪ್ಪತ್ತು ಲೀಟರ್ ಒಂದೂವರೆ ನಿಮಿಷಕ್ಕೆ ಖಾಲಿ. ನಮ್ಮ ಸೋದರಮಾವ "ಈ ಬರಗಾಲದ ಸೀಮೇಲಿ ಮಳೆ ನಂಬ್ಕೊಂಡು ಕೂರ್ತೀಯೇನೋ" ಅಂದಿದ್ದ. ಮಳೆ ಕಡಿಮೆ ನಿಜ. ಬೇಕಾಗಿರುವುದು ಅದಕ್ಕಿಂತ ಕಡಿಮೆ, ಅದೇ ಅವನ ತಲೆಗೆ ಹೋಗಲಿಲ್ಲ.

ಇನ್ನು ಕೆಟ್ಟದ್ದು ಏನೇನು ಅಂತ ಕೇಳಿ.

ಮೊದಲು ತಾರಸಿ ಪೈಪಿಗೆ ಸಾವಿರ ಲೀಟರಿನ ಎರಡು ಬಿಳಿ ಟ್ಯಾಂಕು ಜೋಡಿಸಿ ಅಂಗಳದಲ್ಲಿ ಇಟ್ಟೆವು. 13 ಸಾವಿರ ಹೋಯಿತು. ಮುಚ್ಚಳದ ಸಂದಿಯಿಂದ ಬೆಳಕು, ಮೇಲಿಂದ ಬಿಸಿಲು. ಎರಡು ತಿಂಗಳಿಗೆ ಒಳಗೆಲ್ಲ ಹಸಿರು ಪಾಚಿ. ಟ್ಯಾಂಕುಗಳು ಈಗ ಹಸುಗಳ ಪಾಲಿಗೆ. ಆಮೇಲೆ ನೆಲದೊಳಗೆ ಸಂಪು ತೆಗೆದೆವು. 8 ಅಡಿ ಉದ್ದ, 8 ಅಡಿ ಅಗಲ, 7 ಅಡಿ ಆಳ. 12 ಸಾವಿರದ ಮೇಲೆ ಹಿಡಿಯುತ್ತದೆ. ಮೊದಲ ಮಳೆಗಳಿಗೆ ಮುಕ್ಕಾಲು ತುಂಬಿದ್ದು ವಾರದಲ್ಲಿ ಒಂದಡಿ ಇಳಿಯಿತು. ನೆಲ, ಗೋಡೆ ಸೇರುವ ಮೂಲೆಯನ್ನು ಮೇಸ್ತ್ರಿ ಚೌಕವಾಗಿ ಬಿಟ್ಟಿದ್ದ. ಸೀಳು ಬಿಟ್ಟದ್ದು ಅಲ್ಲೇ. ನೀರು ಹೊರಗೆ ಹಾಕಿ, ಮೂಲೆಯುದ್ದಕ್ಕೂ ಕೆತ್ತಿ, ಗುಂಡಗೆ ಗಿಲಾವು ಮಾಡಿಸಿ, ಮೇಲೆ ಎರಡು ಕೋಟು ಸಿಮೆಂಟು ಹಾಲು ಬಳಿಸಿದೆ. ಆರೇಳು ಸಾವಿರ ದಂಡ. ಅಂಗಡಿಯವನು ವಾಟರ್‌ಪ್ರೂಫ್ ಬಣ್ಣ ಬಳಿಯಿರಿ ಎಂದ. ಕುಡಿಯುವ ನೀರಿಗೆ ಆ ಬಣ್ಣ ಬೇಡವೇ ಬೇಡ.

ಹೊಸ ಸಿಮೆಂಟಿನ ನೀರು ಇನ್ನೊಂದು ಕಾಟ. ಸೋರುವುದು ನಿಂತಿತು, ನೀರು ಬಾಯಿಗಿಟ್ಟರೆ ಸುಣ್ಣದ ಒಗರು. ಮಳೆನೀರು ಮೆದು, ಸಿಮೆಂಟಿನ ಸುಣ್ಣವನ್ನು ಬೇಗ ಎಳೆದುಕೊಳ್ಳುತ್ತದೆ. ಟ್ಯಾಂಕರ್ ನೀರು ತರಿಸಿ ತುಂಬಿ, ಹದಿನೈದು ದಿನ ಬಿಟ್ಟು ಖಾಲಿ ಮಾಡಿ, ಮತ್ತೆ ತುಂಬಿದೆ. ಎರಡು ಸಲಕ್ಕೂ ಲೋಡ್‌ಗಟ್ಟಲೆ ನೀರು, ಹತ್ತಿರ ಹತ್ತಿರ 4 ಸಾವಿರ. ಆ ನೀರು ಗಿಡಕ್ಕೆ ಹಾಕಿದೆವು ಅನ್ನಿ. "ಮಳೆನೀರು ಹಿಡಿಯೋಕೆ ಟ್ಯಾಂಕರ್ ನೀರು ತರಿಸ್ತಾನೆ" ಅಂತ ಇಡೀ ಬೀದಿ ನಕ್ಕಿತು.

ಫಿಲ್ಟರ್‌ನಲ್ಲಿ ಕಲಿತದ್ದು ಜಾಸ್ತಿ. ಜಲ್ಲಿ, ಇದ್ದಿಲು, ಮರಳು ಅಂತ ಎಲ್ಲರೂ ಹೇಳುವ ಹಾಗೇ ಡ್ರಮ್ಮಿಗೆ ತುಂಬಿದ್ದೆ. ಸೌದೆ ಇದ್ದಿಲು ಒಂದೇ ಮಳೆಗಾಲಕ್ಕೆ ಪುಡಿಯಾಗಿ ಕಪ್ಪು ಕೆಸರಾಯಿತು. ಕಿತ್ತು ಬಿಸಾಡಿದೆ. ಕಲ್ಲು ಪುಡಿಮಾಡಿದ ಮರಳು, ಎಂ-ಸ್ಯಾಂಡ್, ಎಷ್ಟು ತೊಳೆದರೂ ಬೂದು ಬಣ್ಣದ ಧೂಳು ಬಿಡುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಈಜುಕೊಳದ ಫಿಲ್ಟರಿಗೆ ಹಾಕುವ ಮರಳು. ಒಂದು ಅಪಾರ್ಟ್‌ಮೆಂಟಿನಲ್ಲಿ ಪೂಲ್ ರಿಪೇರಿ ಮಾಡಿದಾಗ ಒಡೆಯದ ನಾಲ್ಕು ಮೂಟೆ ಮಿಕ್ಕಿತ್ತು, ಕೇಳಿ ತಂದೆ. ಅವರು ಆಡುವ ನೀರಿಗೆ ಹಾಕುವ ಮರಳು ನಮ್ಮ ಕುಡಿಯುವ ನೀರಿಗಾಯಿತು. ಡ್ರಮ್ಮಿನಲ್ಲಿ ಯಾವ ಪದರ ಎಷ್ಟು ದಪ್ಪ ಎಂದು ಬಹಳ ಜನ ಕೇಳಿದ್ದಾರೆ. ಅದನ್ನು ಹೇಳಿಬಿಟ್ಟರೆ ನನ್ನನ್ನು ಯಾರು ಕರೆಯುತ್ತಾರೆ? ಜೋರು ಮಳೆಯಲ್ಲೂ ನನ್ನ ಡ್ರಮ್ಮು ಉಕ್ಕುವುದಿಲ್ಲ, ಅಷ್ಟು ಹೇಳಬಲ್ಲೆ.

ನಿಜ ಹೇಳಬೇಕೆಂದರೆ ಫಿಲ್ಟರಿಗಿಂತ, ಪ್ರತಿ ಮಳೆಗೆ ತಾರಸಿ ತೊಳೆದು ಬರುವ ಮೊದಲ ನೀರನ್ನು ಸಂಪಿಗೆ ಸೇರಿಸದೆ ಬಿಡುವುದೇ ಮುಖ್ಯ. ಧೂಳು, ಹಕ್ಕಿ ಹಿಕ್ಕೆ, ಎಲೆ ಎಲ್ಲ ಅದರಲ್ಲೇ ಬರುತ್ತದೆ. ಆ ನೀರು ಹಿಡಿಯಲು ನಾಲ್ಕಿಂಚಿನ ಹತ್ತಡಿ ಪೈಪು ಹಾಕಿದರೆ ಹಿಡಿಯುವುದು 25 ಲೀಟರ್. ನಮ್ಮ ತಾರಸಿಗೆ ಅದು ಏನೇನೂ ಸಾಲದು. ಆರಿಂಚಿನ ಎರಡು ಪೈಪು ನಿಲ್ಲಿಸಿದೆ, 110 ಲೀಟರ್ ಹಿಡಿಯುತ್ತದೆ. ಅಡಿಯಲ್ಲಿ ಹನಿ ಹನಿ ಸೋರುವ ಸಣ್ಣ ತೂತು. ಮುಂದಿನ ಮಳೆ ಹೊತ್ತಿಗೆ ತಾನೇ ಖಾಲಿಯಾಗಿರುತ್ತದೆ, ಯಾರೂ ವಾಲ್ವ್ ತಿರುಗಿಸಬೇಕಿಲ್ಲ. ತೂತು ಕಸ ಕಟ್ಟದ ಹಾಗೆ ಒಂದು ಉಪಾಯ ಇದೆ. ಅದೂ ಇರಲಿ ಬಿಡಿ.

ಸಂಪಿಗೆ ಬೆಳಕು ಬೀಳಬಾರದು, ಸೊಳ್ಳೆ ಹೋಗಬಾರದು, ಯಾರೂ ಚೊಂಬು ಅದ್ದಬಾರದು. ಉಕ್ಕಿ ಹೋಗುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ. ನೀರೆತ್ತಲು ಪುಟ್ಟ ಕೈಪಂಪು. ಮೋಟಾರು ಬೇಕೆಂದೇ ಇಡಲಿಲ್ಲ. ಸ್ವಿಚ್ ಒತ್ತಿದರೆ ನೀರು ಬಂದರೆ ಮಕ್ಕಳು ಪಾತ್ರೆ ತೊಳೆಯಲೂ ಅದನ್ನೇ ಬಿಡುತ್ತಾರೆ. ಕೈ ನೋಯಿಸಿಕೊಂಡು ಎತ್ತಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಫ್ಲಾಟಿನಲ್ಲಿ ಇದನ್ನು ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಅಲ್ವಾ?

ನಡುವೆ ಬೇರೆ ಆಟಗಳೂ ನಡೆದವು. ಬೋರಿನ ನೀರಿಗೆ ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನ ಇದೆಯಲ್ಲ, ಬಕೆಟ್ಟಿನಲ್ಲಿ ಮಾಡಿ ನೋಡಿದೆ. ಇಳಿಯುವುದು ಇಳಿಯುತ್ತದೆ. ದಿನಾ ಅಳೆದು ಹಾಕಿ, ಕಲಕಿ, ತಳದ ಕೆಸರು ಎಲ್ಲಿ ಚೆಲ್ಲುವುದು ಎಂದು ಯೋಚಿಸುವಷ್ಟರಲ್ಲಿ ಅಮ್ಮನಿಗೆ ಸಾಕಾಯಿತು. ನುಗ್ಗೆ ಬೀಜ ಅರೆದು ಕೆರೆಯ ಕೆಂಪು ನೀರಿಗೆ ಹಾಕಿದೆ, ಒಂದೆರಡು ಗಂಟೆಯಲ್ಲಿ ತಿಳಿಯಾಯಿತು. ಆದರೆ ಮಾರನೇ ದಿನಕ್ಕೆ ವಾಸನೆ. ಒಂದು ಫ್ಲಾಟಿನಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಕ್ಯಾನಿಗೆ ಹಿಡಿಸಿದೆ. ರಾತ್ರಿಗೆ ಐದಾರು ಲೀಟರ್ ಸಿಕ್ಕಿತು. ಕುಡಿಯಲಿಕ್ಕಾಗದು, ನೆಲ ಒರೆಸಲು ಸಾಕು. ಅವರು ಎರಡು ವಾರ ಹಿಡಿದು ಬಿಟ್ಟುಬಿಟ್ಟರು.

ಊರವರ ಅನುಮಾನ ಕಿಟ್ ತೋರಿಸಿದರೂ ಹೋಗಲಿಲ್ಲ. ಮಳೆನೀರು ಕುಡಿದರೆ ಶೀತ, ತಿಂಗಳಿಟ್ಟರೆ ಹುಳ, ಇವೇ ಮಾತು. ಪಂಚಾಯಿತಿಯವರ ಹತ್ತಿರ ಇರುವ, ನೀರು ಪರೀಕ್ಷಿಸುವ ಪುಟ್ಟ ಬಾಟಲಿಗೆ ಸಂಪಿನ ನೀರು ತುಂಬಿ ಎರಡು ದಿನ ಇಟ್ಟೆ. ಕೆಟ್ಟ ನೀರಾದರೆ ಕಪ್ಪಾಗಬೇಕು. ನಮ್ಮದು ಕಪ್ಪಾಗಲಿಲ್ಲ. ಆದರೂ ಅಮ್ಮ ಕಾಯಿಸಿಯೇ ಕುಡಿಯುತ್ತಾಳೆ, ಅದು ಒಳ್ಳೆಯದೇ. ಕೊನೆಗೆ ಒಪ್ಪಿಸಿದ್ದು ತೊಗರಿಬೇಳೆ. ಬೋರಿನ ಗಡಸು ನೀರಿನಲ್ಲಿ ಏಳೆಂಟು ವಿಶಲ್ ಕೂಗಿಸಿದರೂ ಕಾಳು ಕಾಳು ಉಳಿಯುತ್ತಿದ್ದ ಬೇಳೆ, ಇದರಲ್ಲಿ ಮೂರಕ್ಕೇ ಕರಗಿತು. ಪಕ್ಕದ ಮನೆಯ ಅತ್ತೆ ಒಂದು ಬಿಂದಿಗೆ ಒಯ್ದು ಸಾರು ಮಾಡಿದರು. ಮಾರನೇ ದಿನ ಅವರ ಮಗ ಟೇಪು ಹಿಡಿದು ನಮ್ಮ ತಾರಸಿ ಅಳೆಯುತ್ತಿದ್ದ. ಸೋದರಮಾವನೂ ಟೀ ಕುಡಿಯುವ ನೆಪದಲ್ಲಿ ಬಂದು, ಟ್ರ್ಯಾಕ್ಟರ್ ಬ್ಯಾಟರಿಗೆ ಒಂದು ಬಾಟಲಿ ನೀರು ಕೇಳಿಕೊಂಡು ಹೋದ.

ಒಟ್ಟು ಖರ್ಚು, ಕೆಟ್ಟದ್ದೂ ಸೇರಿ, ಒಂದು ಲಕ್ಷದ ಹತ್ತಿರ. ಪೈಪಿನ ಕೂಲಿ ನನ್ನದೇ, ಸೇರಿಸಿಲ್ಲ. ಅಪ್ಪನ ಬೋರಿಗಿಂತ ಕಡಿಮೆಯೇ. ಈಗ ಬೇರೆಯವರಿಗೆ ಮಾಡಿದರೆ ಇದೇ ಅಳತೆ 85 ಸಾವಿರಕ್ಕೆ ಮುಗಿಸುತ್ತೇನೆ. ಮೇ ಕೊನೆಯಲ್ಲಿ ನೀರು ಇಳಿದಾಗ ಸಂಪು ತೊಳೆದು, ಮರಳು ತೊಳೆದು, ತಾರಸಿ ಗುಡಿಸಿದರೆ ವರ್ಷದ ಚಾಕರಿ ಮುಗಿಯಿತು.

ಸಿಕ್ಕಿಕೊಂಡಿರುವುದು ಒಂದೇ ಕಡೆ. ಈ ನೀರು ಎಲ್ಲರಿಗಿಂತ ಜಾಸ್ತಿ ಬೇಕಾದವರ ಮನೆಗೆ ಆರ್‌ಸಿಸಿ ತಾರಸಿ ಇಲ್ಲ, ಇರುವುದು 250 ಚದರಡಿ ಶೀಟು. ನೀರು ಸಾಲುತ್ತದೆ, ಲೆಕ್ಕ ಹಾಕಿ ನೋಡಿದ್ದೇನೆ. ದುಡ್ಡು ಸಾಲುವುದಿಲ್ಲ. ಕೋಳಿ ಜಾಲರಿ ಸುತ್ತಿ ಸಿಮೆಂಟು ಮೆತ್ತಿ 4 ಸಾವಿರ ಲೀಟರಿನ ತೊಟ್ಟಿ ಕಟ್ಟಿದ್ದೇನೆ, ಎಲ್ಲ ಸೇರಿ 35 ಸಾವಿರಕ್ಕೆ ನಿಂತಿದೆ. 20ಕ್ಕೆ ಇಳಿದರೆ ನಮ್ಮ ಬೀದಿಯಲ್ಲೇ ಐದಾರು ಮನೆಯವರು ಕಾಯುತ್ತಿದ್ದಾರೆ. ಮುಚ್ಚಳಕ್ಕೇ ಆರು ಸಾವಿರ ತಿನ್ನುತ್ತಿದೆ. ಕಡಿಮೆ ದುಡ್ಡಲ್ಲಿ, ಇಲಿ ನುಸುಳದ ಹಾಗೆ ಮುಚ್ಚಳ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಡ್ರಮ್ಮಿನ ಪದರದ ಗುಟ್ಟು ಅವರಿಗೆ ಬಿಟ್ಟುಕೊಡುತ್ತೇನೆ.