ಹೊಲದ ಬರ, ಬೋರಿನ ಬರ: ನಾನು ಲೆಕ್ಕ ಇಡುವ ರೀತಿ

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆ ಒಂದೇ ಪಂಚಾಯಿತಿಯಲ್ಲಿ ಹಳ್ಳದ ಆಚೆ ಹದ ಮಳೆ, ಈಚೆ ಬರೀ ಧೂಳು ಆಗುವುದುಂಟು. ಪಂಚಾಯಿತಿ ಮಳೆಮಾಪಕದ ಅಂಕಿ ಸರ್ಕಾರದ ಲೆಕ್ಕಕ್ಕೆ ಬೇಕೇ ಬೇಕು. ಆದರೆ ಬಿತ್ತಬೇಕೋ ಬೇಡವೋ ಎಂದು ತೀರ್ಮಾನಿಸಲು ಸ್ವಂತ ಹೊಲದ ಅಳತೆಯೇ ಆಗಬೇಕು. ಮಳೆ, ಮಣ್ಣಿನ ಹಸಿ, ಬೋರು ಮೂರನ್ನೂ ನಾನು ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.

ಮಳೆಗೆ 16 ಸೆಂ.ಮೀ. ಅಡ್ಡಳತೆಯ ಬಾಯಿ ಇರುವ ಆಲಿಕೆ, ಕೆಳಗೆ 5 ಲೀಟರ್ ಕ್ಯಾನು ಸಾಕು. ಆ ಬಾಯಿಗೆ 20 ಮಿ.ಲೀ. ನೀರೆಂದರೆ 1 ಮಿ.ಮೀ. ಮಳೆ. ಬೆಳಿಗ್ಗೆ 8.30ಕ್ಕೆ ಅಳೆದರೆ ಹವಾಮಾನ ಇಲಾಖೆಯ ಅಂಕಿಯೊಂದಿಗೆ ಹೋಲಿಸಬಹುದು. ಗಿಡ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರ ಇಡಬೇಕು, ಇಲ್ಲದಿದ್ದರೆ ಗಾಳಿ ಮಳೆಗೆ ಅಂಕಿ ಕಡಿಮೆ ಬರುತ್ತದೆ. 2.5 ಮಿ.ಮೀ. ಮುಟ್ಟದಿದ್ದರೆ ಅದು ಮಳೆ ದಿನವಲ್ಲ. ಒಟ್ಟು ಮಳೆಗಿಂತ ನಾನು ನೋಡುವುದು ಎರಡು ಮಳೆಗಳ ನಡುವಿನ ಅಂತರ. ಒಂದೇ ತಾಸಿಗೆ 60 ಮಿ.ಮೀ. ಸುರಿದು ಹಳ್ಳ ಸೇರಿ, ಆಮೇಲೆ ಮೂರು ವಾರ ಒಣಗಿದರೆ ತಿಂಗಳ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಮಸಾರಿ (ಕೆಂಪು ಮಣ್ಣಿನ) ಹೊಲದ ಸಜ್ಜೆ ಮಾತ್ರ ಸುರುಳಿ ಸುತ್ತಿಕೊಂಡಿರುತ್ತದೆ.

ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿಗೆ ಹಸಿಯ ಆಳವೇ ಮುಖ್ಯ. ನಾಲ್ಕಡಿಯ 12 ಮಿ.ಮೀ. ಕಬ್ಬಿಣದ ಸರಳಿಗೆ ಮೇಲೆ ಅಡ್ಡ ಹಿಡಿಕೆ ಬೆಸೆಸಿ, ಮೈಭಾರ ಹಾಕಿ ಒತ್ತಬೇಕು. ಹಸಿ ಇರುವಷ್ಟು ಇಳಿದು, ಒಣ ಮಣ್ಣಿಗೆ ತಾಗಿದಲ್ಲಿ ನಿಲ್ಲುತ್ತದೆ. ಬಿರುಕಿನಲ್ಲಿ ಹೋದರೆ ಸುಳ್ಳು ಆಳ ತೋರಿಸುತ್ತದೆ, ಆದ್ದರಿಂದ ಎರಡು ಬಿರುಕುಗಳ ನಡುವೆ, ಎಕರೆಗೆ ನಾಲ್ಕೈದು ಕಡೆ ಒತ್ತಿ ನೋಡಬೇಕು. ಹಸ್ತ, ಚಿತ್ತಿ ಮಳೆ ಮುಗಿಯುವ ಹೊತ್ತಿಗೆ ಎರಡೂವರೆ ಅಡಿ ಇಳಿದರೆ ಕಡಲೆಗೆ ಧೈರ್ಯ. ಒಂದೂವರೆ ಅಡಿಗೇ ನಿಂತರೆ ಬೀಜ ಮೊಳೆಯುತ್ತದೆ ನಿಜ, ಹೂವಾಡುವಾಗ ಹಸಿ ತೀರಿರುತ್ತದೆ. ಅಂಥ ವರ್ಷ ಸಾಲು ಅಗಲಿಸಿ, ಗೊಬ್ಬರದ ಖರ್ಚು ಕಡಿಮೆ ಮಾಡಿ, ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದೇ ಲೇಸು. ಮಸಾರಿಯಲ್ಲಿ ಸರಳು ಗರಸಿಗೆ (ಕಲ್ಲುಮಿಶ್ರಿತ ಗಟ್ಟಿ ಮಣ್ಣಿಗೆ) ತಾಗಿ ನಿಲ್ಲುವುದರಿಂದ ಅಲ್ಲಿ ಗುದ್ದಲಿಯಿಂದಲೇ ಅಗೆದು ನೋಡಬೇಕು.

ಬೋರಿನ ನೀರಿನ ಮಟ್ಟ ಅಳೆಯಲು ಎರಡೆಳೆ ವೈರು, ತುದಿಗೆ ಭಾರ, ಮಲ್ಟಿಮೀಟರ್. ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕೀಳಬೇಕು. ತಾಮ್ರದ ಎರಡು ತುದಿ ಒಂದಕ್ಕೊಂದು ತಾಗದಂತೆ ಬಿಡಿಸಿ, ಸುತ್ತ ಪ್ಲಾಸ್ಟಿಕ್ ಕೊಳವೆಯ ತುಂಡು ಹಾಕಿದರೆ ಕೇಸಿಂಗ್ ಪೈಪಿನ ಗೋಡೆಯಿಂದ ಜಿನುಗುವ ನೀರಿಗೆ ಮೋಸ ಹೋಗುವುದಿಲ್ಲ. ಮೀಟರನ್ನು ಬೀಪ್ ಶಬ್ದಕ್ಕೆ ಇಡಬೇಡಿ. ನೀರಿನ ರೋಧ ಹೆಚ್ಚು, ಬೀಪ್ ಬರುವುದಿಲ್ಲ. ಕಿಲೋಓಮ್ ಅಳತೆಗಿಟ್ಟರೆ ನೀರು ಮುಟ್ಟಿದ ಕ್ಷಣ ಅಂಕಿ ಕೆಳಗೆ ಬೀಳುತ್ತದೆ. ಆಗ ಒಳಗೆ ಇಳಿದಿರುವ ವೈರಿನ ಉದ್ದವೇ ನೀರಿನ ಆಳ. ಹದಿನೈದು ದಿನಕ್ಕೊಮ್ಮೆ, ರಾತ್ರಿಯಿಡೀ ಮೋಟಾರು ನಿಂತ ಮೇಲೆ ಬೆಳಿಗ್ಗೆ ಅಳೆದರೆ ಮಾತ್ರ ಹೋಲಿಕೆಗೆ ಬರುತ್ತದೆ.

ನೀರಿನ ಪ್ರಮಾಣಕ್ಕೆ 200 ಲೀಟರ್ ಡ್ರಮ್ಮು, ಸೆಕೆಂಡಿನ ಲೆಕ್ಕ. 100 ಸೆಕೆಂಡಿಗೆ ತುಂಬಿದರೆ ತಾಸಿಗೆ 7,200 ಲೀಟರ್. ವೋಲ್ಟೇಜನ್ನೂ ಪಕ್ಕದಲ್ಲೇ ಬರೆಯಬೇಕು, ಕರೆಂಟು ಸೊರಗಿದ ದಿನ ಬೋರು ಬತ್ತಿದಂತೆ ಕಾಣುತ್ತದೆ. ಶುರುವಾದಾಗ ಒಮ್ಮೆ, ಒಂದು ತಾಸಿನ ನಂತರ ಇನ್ನೊಮ್ಮೆ ಅಳೆಯಿರಿ. ಎರಡನೇ ಸಲ ಗಾಳಿ ಬೆರೆತು ಬಿಟ್ಟು ಬಿಟ್ಟು ಬಂದರೆ ಒರತೆ ಸಾಲುತ್ತಿಲ್ಲ. ಬಿಡುವು ಕೊಟ್ಟು ಓಡಿಸದಿದ್ದರೆ ಮೋಟಾರು ಸುಡುತ್ತದೆ.

2016ರ ಕೇಂದ್ರದ ಬರ ಕೈಪಿಡಿಯಲ್ಲಿ ಮಳೆ ಕೊರತೆ, ಒಣ ಅವಧಿಯಷ್ಟೇ ಅಲ್ಲ, ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಉಪಗ್ರಹದಿಂದ ಕಂಡ ಹಸಿರು, ಅಂತರ್ಜಲ ಎಲ್ಲವೂ ಲೆಕ್ಕಕ್ಕಿವೆ. ಕೊನೆಗೆ ಆಯ್ದ ಹಳ್ಳಿಗಳಲ್ಲಿ ಹೊಲಕ್ಕೇ ಬಂದು ನೋಡುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದದ್ದು ಹೀಗೆಯೇ. ನೋಡಲು ಬಂದವರಿಗೆ ದಿನಾಂಕವಿರುವ ಪುಟವನ್ನೂ ಸರ್ವೆ ನಂಬರಿನ ಫೋಟೋವನ್ನೂ ತೋರಿಸಿ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂದು ಅದಕ್ಕೂ ಮುಂಚೆಯೇ ನೋಡಿಕೊಳ್ಳಿ. ಹಾನಿ ಶೇ. 33 ಅಥವಾ ಅದಕ್ಕಿಂತ ಹೆಚ್ಚಿದ್ದರಷ್ಟೇ ಇನ್‌ಪುಟ್ ಸಬ್ಸಿಡಿ (ಬೆಳೆ ಹಾನಿಗೆ ಸರ್ಕಾರ ಕೊಡುವ ನೆರವು).

ನೀರಿನ ಮಟ್ಟ ಇಳಿದಾಗ ಕುಡಿಯುವ ನೀರಿನ ಬೋರನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ನಮ್ಮ ಭಾಗದಲ್ಲಿ ಫ್ಲೋರೈಡ್ ಕಾಟ ಇದ್ದೇ ಇದೆ. ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಅದು ಕುಡಿಯುವ ನೀರಲ್ಲ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ತೋರಿಸುವ ಟಿಡಿಎಸ್ ಮೀಟರಿಗೆ ಇದು ಸಿಗುವುದಿಲ್ಲ. ಪಂಚಾಯಿತಿಯ ಕಿಟ್ಟಿನಲ್ಲಿ ನೋಡಿಸಿ, ಇಲ್ಲವೇ ಅದೇ ನೀರಿನಿಂದ ಎರಡು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಲ್ಯಾಬಿಗೆ ಕೊಡಿ. ಗಾಜಿನ ಬಾಟಲಿ ಬೇಡ.