ಮೆಣಸು ಕೊಯ್ಲಿಗೆ ಮುಂಚೆ ಕರೆಂಟ್ ಲೈನ್ ಪಕ್ಕದ ಮರಗಳಿಗೆ ಕೆಂಪು ಪಟ್ಟಿ

ಅಲ್ಯೂಮಿನಿಯಂ ಏಣಿ ತೋಟಕ್ಕೆ ಇಳಿಯುವ ಮೊದಲು ಒಂದು ಹಗ್ಗ ತಗೊಳ್ಳಿ. ಏಣಿ ಪೂರ್ತಿ ಎಳೆದಾಗ ಎಷ್ಟು ಉದ್ದವೋ ಅಷ್ಟು, ಮೇಲೆ ಹತ್ತಡಿ ಜಾಸ್ತಿ ಇಟ್ಟು ಕತ್ತರಿಸಿ. ಲೈನಿನ ಕೆಳಗೆ ನಿಂತು ಎರಡೂ ಕಡೆಗೆ ಆ ಹಗ್ಗ ಎಳೆಯಿರಿ. ಅದರೊಳಗೆ ಬರುವ ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಕೆಂಪು ಪೇಂಟಿನ ಪಟ್ಟಿ ಬಳಿಯಿರಿ. ಪಟ್ಟಿ ಇದ್ದ ಮರದ ಹತ್ತಿರ ಅಲ್ಯೂಮಿನಿಯಂ ಏಣಿ ತರುವ ಹಾಗಿಲ್ಲ, ಅಷ್ಟೇ ನಿಯಮ. ಕೊಯ್ಯುವವರ ಕಣ್ಣು ಮೆಣಸಿನ ಗೊಂಚಲಿನ ಮೇಲಿರುತ್ತದೆ, ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರದ ಸೊಪ್ಪಿನ ಮರೆಯಲ್ಲಿ ತಂತಿ ಕಾಣುವುದೇ ಇಲ್ಲ. ನಿಲ್ಲಿಸಿದ ಏಣಿಯನ್ನು ಹಾಗೇ ಪಕ್ಕದ ಮರಕ್ಕೆ ಸರಿಸುವಾಗ ವಾಲಿದರೆ ಅದು ಪೂರ್ತಿ ಉದ್ದಕ್ಕೆ ಬೀಳುತ್ತದೆ. ಹಗ್ಗದ ಅಳತೆ ಅದಕ್ಕೇ. ಹೊರರಾಜ್ಯದಿಂದ ಬಂದವರಿಗೆ ಕನ್ನಡ ಬರದಿದ್ದರೂ ಕೆಂಪು ಗುರುತು ತೋರಿಸಿದರೆ ಸಾಕು, ಅಲ್ವಾ? ಆದರೆ ಪಟ್ಟಿ ಮರಕ್ಕೆ ಬಿದಿರೇಣಿ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಇಬ್ಬನಿಗೆ ನೆಂದ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಚಿಕ್ಕಮಗಳೂರಿನವರು ಮೆಸ್ಕಾಂಗೆ, ಹಾಸನದವರು ಚೆಸ್ಕಾಂಗೆ ಮೊದಲೇ ಹೇಳಿ, ಲೈನ್ ಆಫ್ ಮಾಡಿಸಿಯೇ ಆ ಮರಗಳನ್ನು ಕೊಯ್ಯಿಸಿ. ಗಾಳಿಮಳೆಗೆ ತಂತಿ ಜೋತುಬಿದ್ದಿದ್ದರೆ ಈ ಗುರುತು ನಂಬಬೇಡಿ. ಯಾರನ್ನೂ ಹತ್ತಿರ ಬಿಡದೆ 1912ಕ್ಕೆ ಫೋನ್ ಮಾಡಿ.